ಉದ್ದೇಶ: ಗೊತ್ತಾಗಿಲ್ಲ

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಪುತ್ತೂರಿನ ದರ್ಬೆಯ ಮುಖ್ಯರಸ್ತೆಗೆ ತಾಗಿಕೊಂಡಿರುವ ಒಂದು ಆಸ್ಪತ್ರೆಯಲ್ಲಿ ಕೆಲಸ. ನನ್ನ ಬೆಳಗುಗಳು ಗುಗ್ಗೆ ತುಂಬಿದ ಕಿವಿ, ಕಟ್ಟಿದ ಮೂಗು, ಬಂಗುಡೆ ಮುಳ್ಳು ಸಿಕ್ಕಿಕೊಂಡ ಗಂಟಲುಗಳ ನಡುವೆಯೇ ಕಳೆಯುತ್ತವೆ. ಅದರಲ್ಲಿ ನನಗೆ ಬೇಸರವಿಲ್ಲ. ಮುಳ್ಳು ತೆಗೆದ ಕೂಡಲೇ ರೋಗಿಯ ಮುಖದಲ್ಲಿ ಕಾಣುವ ಆ ಬಿಡುಗಡೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವವರಿಗೂ ಅಷ್ಟು ಬೇಗ ನೋಡಲು ಸಿಗುವುದಿಲ್ಲ. ಆದರೆ ಕೋವಿಯ ಗಾಯ? ಓದುವಾಗ ಪುಸ್ತಕದಲ್ಲಿ ನೋಡಿದ್ದೆ, ಪರೀಕ್ಷೆಗೆ ಬರೆದಿದ್ದೆ, ಆಮೇಲೆ ಮರೆತಿದ್ದೆ.

ಅದು ಬಿಸಿಲು ಬಲಿಯುತ್ತಿದ್ದ ತಿಂಗಳು. ಹೊರರೋಗಿಗಳ ಸಾಲು ಅರ್ಧ ಮುಗಿದಿತ್ತು. ತುರ್ತು ಚಿಕಿತ್ಸೆಯ ಕೋಣೆಯಿಂದ ನರ್ಸ್ ಫೋನ್ ಮಾಡಿದಳು.

"ಮೇಡಂ, ಬೇಗ ಬನ್ನಿ. ಕುತ್ತಿಗೆಗೆ ಬೆಡಿ ತಾಗಿದೆ."

ಗಾಬರಿಯಲ್ಲಿ ಅವಳ ಬಾಯಿಗೆ ಕೋವಿಗೆ ತುಳುವಿನ ಶಬ್ದವೇ ಬಂದಿತ್ತು. ನಾನು ಕೈಯಲ್ಲಿದ್ದ ಟಾರ್ಚನ್ನು ಹಿಡಿದುಕೊಂಡೇ ಓಡಿದೆ.

ಬಾಗಿಲಿನ ಹತ್ತಿರ ಒಂದು ಪಿಕಪ್ ಅಡ್ಡ ನಿಂತಿತ್ತು, ಅದನ್ನು ಓಡಿಸಿ ತಂದ ಹುಡುಗ ಇನ್ನೂ ಸೀಟಿನಲ್ಲೇ ಇದ್ದ. ಒಳಗೆ ಸ್ಟ್ರೆಚರಿನ ಮೇಲೆ ಐವತ್ತು ದಾಟಿದ ಗಂಡಸೊಬ್ಬರು ಮುಂದಕ್ಕೆ ಬಾಗಿ ಕೂತಿದ್ದರು. ಬೆನ್ನಿಗೆ ಎದೆ ಕೊಟ್ಟು, ಕುರ್ಚಿಯ ಹಾಗೆ ಅವರನ್ನು ಹಿಡಿದುಕೊಂಡು, ಅದೇ ವಯಸ್ಸಿನ ಇನ್ನೊಬ್ಬರು ಕೂತಿದ್ದರು. ಹಿಂದಿನವರ ಒಂದು ಕೈ ಮುಂದಿನವರ ದವಡೆಯ ಕೆಳಗೆ ಬೈರಾಸನ್ನು, ಅಂದರೆ ಹೆಗಲ ಟವೆಲನ್ನು, ಒತ್ತಿ ಹಿಡಿದಿತ್ತು. ಬೈರಾಸಿನ ಬಣ್ಣ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಇಬ್ಬರ ಅಂಗಿಯೂ ಒಂದೇ ರಕ್ತದಲ್ಲಿ ನೆನೆದಿತ್ತು. ಗಾಯ ಯಾರದ್ದು ಎಂದು ಹೇಳಲು ನನಗೇ ಒಂದು ಕ್ಷಣ ಬೇಕಾಯಿತು.

ನರ್ಸ್ ರೋಗಿಯನ್ನು ಮಲಗಿಸಲು ಹೊರಟಳು. ಹಿಂದಿನವರು ಕೂಗಿದರು: "ಮಲಗಿಸ್ಬೇಡಿ! ಉಸಿರು ಕಟ್ತದೆ ಅವನಿಗೆ. ಗುತ್ತಿಗಾರಿನಿಂದ ಹೀಗೇ ಕೂತ್ಕೊಂಡು ಬಂದದ್ದು."

"ಮಲಗಿಸುದಿಲ್ಲ," ಎಂದೆ. "ನೀವೂ ಹಾಗೇ ಇರಿ. ಕೈ ತೆಗೀಬೇಡಿ."

ರೋಗಿಯ ಉಸಿರಿನಲ್ಲಿ ಸೀಟಿಯಂಥ ಸದ್ದಿತ್ತು. ಗಂಟಲಿನ ವೈದ್ಯರ ಮೈ ಜುಮ್ಮೆನ್ನುವ ಸದ್ದು ಅದು. ಎಡದವಡೆ ಮುರಿದಿತ್ತು. ನಾಲಿಗೆಯ ಬುಡ ಊದುತ್ತಿತ್ತು. ಬಾಯಿಯ ಮೂಲಕ ಕೊಳವೆ ಇಳಿಸುವಷ್ಟು ದಾರಿ ಅಲ್ಲಿ ಉಳಿದಿರಲಿಲ್ಲ. ಅರಿವಳಿಕೆಯ ವೈದ್ಯರು ಓಡಿಬಂದು ಒಂದು ಸಲ ನೋಡಿದರು. ನನ್ನ ಮುಖ ನೋಡಿದರು.

"ಕೂತಲ್ಲೇ ಮಾಡ್ತೀರಾ?"

"ಬೇರೆ ಎಂತ ದಾರಿ ಉಂಟು ಡಾಕ್ಟ್ರೇ?"

ಕುತ್ತಿಗೆಯ ಮುಂಭಾಗದಲ್ಲಿ ಚರ್ಮ ಮರಗಟ್ಟುವ ಸೂಜಿ ಕೊಟ್ಟು, ಅವರು ಎಚ್ಚರವಿರುವಾಗಲೇ, ಕೂತಿರುವಾಗಲೇ, ಶ್ವಾಸನಾಳಕ್ಕೆ ರಂಧ್ರ ಮಾಡಿದೆ. ಅವರ ಕಣ್ಣು ನನ್ನ ಕಣ್ಣಿನ ಎದುರಿಗೇ ಇತ್ತು. "ಸ್ವಲ್ಪ, ಸ್ವಲ್ಪ, ಈಗ ಆಯ್ತು" ಎಂದು ನಾನು ಹೇಳುತ್ತಲೇ ಇದ್ದೆ. ಅದು ಅವರಿಗೋ ನನಗೋ ಗೊತ್ತಿಲ್ಲ. ಚಾಕುವಿನ ತುದಿಯಲ್ಲಿ ಫುಸ್ಸೆಂದು ಗಾಳಿ ಹೊರಬಂತು, ಒಂದಿಷ್ಟು ರಕ್ತ ನನ್ನ ಕನ್ನಡಕಕ್ಕೆ ಸಿಡಿಯಿತು, ಕೊಳವೆ ಒಳಗೆ ಹೋಯಿತು. ಸೀಟಿ ನಿಂತಿತು. ನೀಲಿಯಾಗುತ್ತಿದ್ದ ತುಟಿಗೆ ಬಣ್ಣ ತಿರುಗಿತು. ನನ್ನ ಎದೆಯೊಳಗೆ ಚೆಂಡೆ ಬಾರಿಸಿದ ಹಾಗೆ ಆಗುತ್ತಿತ್ತು. ಹೆದರಿಕೆಯಲ್ಲ, ಸಂತೋಷ. ಬದುಕಿದರು!

ಆಮೇಲೆ ಅವರನ್ನು ಪೂರ್ತಿ ನಿದ್ದೆಗೆ ಕಳಿಸಿ ಶಸ್ತ್ರಚಿಕಿತ್ಸೆ ಮಾಡಿದೆವು. ಚರೆಗಳು, ಅಂದರೆ ಸೀಸದ ಸಣ್ಣ ಸಣ್ಣ ಗುಂಡುಗಳು, ದವಡೆಯ ಕೆಳಗೆ ಗುಂಪಾಗಿ ಹೊಕ್ಕಿದ್ದವು. ಹೆಚ್ಚಿನ ಪಾಲು ಮುಖಕ್ಕೆ ತಾಗದೆ ಆಕಾಶಕ್ಕೆ ಹೋಗಿತ್ತು, ಇಲ್ಲದಿದ್ದರೆ ದರ್ಬೆಯವರೆಗೆ ಯಾರೂ ಬರುತ್ತಿರಲಿಲ್ಲ. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ನನ್ನ ಬೆರಳಿನಡಿ ಬಡಿದುಕೊಳ್ಳುತ್ತಿತ್ತು. ಅದರ ಗೋಡೆಗೆ ಒರಗಿದ ಹಾಗೆ ಒಂದು ಚರೆ ಇತ್ತು, ನಾಳಕ್ಕೆ ಗೀರೂ ಇರಲಿಲ್ಲ. "ನೋಡಿ, ಇಲ್ಲಿ ನೋಡಿ!" ಎಂದು ನಾನು ಎಲ್ಲರನ್ನೂ ಕರೆದು ತೋರಿಸಿದೆ. ಬಲಗೈಯ ಅಂಗೈ ಸುಟ್ಟಿತ್ತು, ಬೆರಳುಗಳು ಹರಿದಿದ್ದವು. ದವಡೆಯ ಗಾಯದ ಅಂಚು ಕರ್ರಗಾಗಿತ್ತು. ಕೋವಿಯ ಬಾಯಿ ತೀರಾ ಹತ್ತಿರದಲ್ಲಿತ್ತು ಎಂಬುದು ಅದರಿಂದ ಸ್ಪಷ್ಟವಾಯಿತು.

ಹೊರಗೆ ಬಂದಾಗ ಕಾರಿಡಾರಿನಲ್ಲಿ ರೋಗಿಯ ಹೆಂಡತಿ ನಿಂತಿದ್ದರು. ಹಿಂದಿನಿಂದ ಬಾಡಿಗೆ ಜೀಪು ಮಾಡಿಕೊಂಡು ಬಂದವರು. ಅವರ ಗುರುತು ನನಗಿತ್ತು. ಒಂದು ವರ್ಷ ಕಿವಿ ಸೋರುವುದಕ್ಕೆ ನನ್ನ ಹತ್ತಿರ ಮದ್ದು ಮಾಡಿಸಿದ್ದರು. ಪಿಕಪ್ ಸುಳ್ಯದ ಕಡೆ ತಿರುಗದೆ ಬೆಳ್ಳಾರೆ ದಾರಿಯಾಗಿ ಪುತ್ತೂರಿಗೇ ಬಂದದ್ದು, "ಗಂಟಲಿನ ಡಾಕ್ಟ್ರು ಅಲ್ಲಿದ್ದಾರೆ, ಅಲ್ಲಿಗೇ ಕೊಂಡೋಗಿ" ಎಂದು ಅವರು ಅತ್ತುಕೊಂಡೇ ಕೂಗಿ ಹೇಳಿದ್ದರಿಂದ.

"ಜೀವಕ್ಕೆ ಸದ್ಯ ಅಪಾಯ ಇಲ್ಲ," ಎಂದೆ.

ಅವರು ನೆಲದ ಮೇಲೆಯೇ ಕೂತುಬಿಟ್ಟರು. ಆಮೇಲೆ ತಲೆ ಎತ್ತಿ, ಬೆಂಚಿನ ಕೊನೆಯಲ್ಲಿ ರಕ್ತದ ಅಂಗಿಯಲ್ಲೇ ಕೂತಿದ್ದ ಆ ಇನ್ನೊಬ್ಬ ಗಂಡಸಿನತ್ತ ಬೆರಳು ತೋರಿಸಿದರು.

"ಅವನೇ ಡಾಕ್ಟ್ರೇ. ಈಡಿನ ಸದ್ದು ಕೇಳಿ ನಾನು ಓಡಿ ಹೋದಾಗ ಕೋವಿ ಅವನ ಕೈಯಲ್ಲಿತ್ತು. ನನ್ನ ಈ ಎರಡು ಕಣ್ಣಿನಿಂದ ನೋಡಿದ್ದೇನೆ."

ಆ ಮನುಷ್ಯ ಅವರ ಪಕ್ಕದ ತೋಟದವರು. ಎರಡು ತೋಟದ ನಡುವೆ ಒಂದು ತೋಡು ಹರಿಯುತ್ತದೆ. ಬೇಸಗೆಯಲ್ಲಿ ಅದಕ್ಕೆ ಹಲಗೆಯ ಕಟ್ಟ ಹಾಕಿ ನೀರು ನಿಲ್ಲಿಸುತ್ತಾರೆ. ಮೇಲಿನವರು ಹಲಗೆ ಹೆಚ್ಚು ಇಟ್ಟರೆ ಕೆಳಗಿನವರಿಗೆ ನೀರಿಲ್ಲ. ಈ ಜಗಳ ಪಂಚಾಯತಿನವರೆಗೂ ಹೋಗಿ ಬಂದಿತ್ತಂತೆ. ನೆರೆಯವರು ಕೈ ತೊಳೆಯಲು ಎಲ್ಲಿ ಹೋಗಬೇಕು ಎಂದು ನರ್ಸಿನ ಹತ್ತಿರ ಕೇಳಿದರು, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಸಬ್‌ಇನ್‌ಸ್ಪೆಕ್ಟರ್ ಬಂದರು. ಕೋವಿ ರೋಗಿಯದ್ದೇ, ಬೆಳೆ ಕಾಯಲು ಲೈಸೆನ್ಸ್ ಪಡೆದ ಜೋಡುನಳಿಗೆಯದ್ದು. ನಮ್ಮ ಕಡೆ ಕಾಡಿನ ಅಂಚಿನ ತೋಟಗಳಲ್ಲಿ ಅಂಥ ಕೋವಿ ಇರುವುದು ದೊಡ್ಡ ಸಂಗತಿಯಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮನೆಗೆ ತರುತ್ತಾರೆ. ಮಂಗ, ಹಂದಿಗಳನ್ನು ಸದ್ದು ಮಾಡಿ ಓಡಿಸುತ್ತಾರೆ.

"ಹತ್ತಿರದಿಂದ ಆದ ಈಡು ಅಂತ ಹೇಳಿದ್ರಿ," ಎಂದರು ಅವರು. "ಹಾಗಾದ್ರೆ ತಾನೇ ಮಾಡಿಕೊಂಡದ್ದಾ? ಅಥವಾ ಎಳೆದಾಟದಲ್ಲಿ ಆ ಮನುಷ್ಯ ಮಾಡಿದ್ದಾ?"

"ಕೈಜಾರಿ ಆದದ್ದೂ ಆಗಬಹುದು. ಗಾಯ ನೋಡಿದ್ರೆ ಎಷ್ಟು ಹತ್ತಿರ, ಯಾವ ದಿಕ್ಕು ಅಂತ ಹೇಳಬಹುದು. ಯಾರ ಮನಸ್ಸಿನಲ್ಲಿ ಎಂತ ಇತ್ತು ಅಂತ ಗಾಯದಲ್ಲಿ ಕಾಣುದಿಲ್ಲ ಸರ್."

"ಒಂದು ಅಂದಾಜು?"

ನಿಜ ಹೇಳಬೇಕೆಂದರೆ ಅಂದಾಜು ನಾಲಗೆಯ ತುದಿಯಲ್ಲೇ ಇತ್ತು. ಆ ಹೆಂಗಸಿನ ಕಣ್ಣೀರು ನೋಡಿದ ಯಾರಿಗೂ ಒಂದು ಅಂದಾಜು ಬರುತ್ತಿತ್ತು. ಆದರೂ, "ಅವರು ಮಾತಾಡುವವರೆಗೆ ಕಾಯಿರಿ," ಎಂದೆ.

ಮರುದಿನ ಬೆಳಿಗ್ಗೆ ನಮ್ಮ ಆಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥೆ ನನ್ನ ಕೋಣೆಗೆ ಬಂದಳು. ಕಬಕದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ಮಾಡುವ ಕೆಲಸಕ್ಕೆ ಕೋಡಿಂಗ್ ಎಂದು ಹೆಸರು. ಪ್ರತಿಯೊಂದು ಕಾಯಿಲೆಗೂ ಗಾಯಕ್ಕೂ ಲೋಕವಿಡೀ ಒಪ್ಪಿದ ಒಂದು ಸಂಕೇತ ಇರುತ್ತದೆ. ವೈದ್ಯರು ಬರೆದದ್ದನ್ನು ಓದಿ ಅವಳು ಆ ಸಂಕೇತ ಹಾಕುತ್ತಾಳೆ. ಗಾಯವಾದರೆ ಗಾಯಕ್ಕೆ ಒಂದು, ಅದು ಹೇಗೆ ಆಯಿತು ಎಂಬುದಕ್ಕೆ ಇನ್ನೊಂದು.

"ಶಸ್ತ್ರಚಿಕಿತ್ಸೆ ಚಂದ ಮಾಡಿದಿಯಂತೆ. ಎಲ್ಲರೂ ಹೇಳುದು ಅದನ್ನೇ," ಎಂದಳು. "ಆದ್ರೆ ನೀನು ಬರೆದದ್ದು ಎಂತ ಮಾರಾಯ್ತಿ? 'ಕೋವಿಯ ಗಾಯ' ಅಂತ ಮಾತ್ರ. ಹೇಗೆ ಆದದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತಾದ್ರೆ ಗೊತ್ತಿಲ್ಲ ಅಂತ ಬರೆ. ಸುಮ್ಮನೆ ಖಾಲಿ ಬಿಟ್ರೆ ಅದು ಅಪಘಾತದ ಸಾಲಿಗೆ ಹೋಗಿ ಕೂತ್ಕೊಳ್ತದೆ. ನಿಯಮ ಹಾಗೆ ಉಂಟು."

"ಹೋದ್ರೆ ಹೋಗ್ಲಿ. ಆಮೇಲೆ ತಿದ್ದಿದ್ರಾಯ್ತು."

"ಯಾರೂ ತಿದ್ದುದಿಲ್ಲ." ಅವಳು ಕುರ್ಚಿ ಎಳೆದು ಕೂತಳು. ಮಾತಿಗೆ ಬಿಸಿ ಬಂದಿತ್ತು. "ಎಲ್ಲ ಕೋವಿಯ ಗಾಯವನ್ನೂ ಅಪಘಾತ ಅಂತ ಸೇರಿಸ್ತಾ ಹೋದ್ರೆ, ನಮ್ಮ ಊರಲ್ಲಿ ಕೋವಿಯಿಂದ ಜೀವ ತೆಕ್ಕೊಳ್ಳುವವರೇ ಇಲ್ಲ, ಹೊಡೆಯುವವರೂ ಇಲ್ಲ ಅಂತ ಲೆಕ್ಕ ಆಗ್ತದೆ. ನಾಳೆ ಯಾರಾದ್ರೂ ನೋಡಿ, 'ಅಲ್ಲಿಗೆ ಮನಸ್ಸಿನ ಡಾಕ್ಟ್ರು ಯಾಕೆ, ಕೋವಿ ಹಿಡಿಯುದು ಕಲಿಸಿದ್ರೆ ಸಾಕು' ಅಂತಾರೆ. ಹಾಗಂತ ಹೆಂಡತಿ ಹೇಳಿದ್ರು ಅಂತ ಹಲ್ಲೆ ಅಂತ ಬರೆದ್ರೆ, ಅದೂ ಸರಿಯಾ? ಇದು ಕೋರ್ಟಿಗೆ ಹೋಗುವ ಕಾಗದ."

ನಾನು ನಕ್ಕೆ. ಶಾಲೆಯಲ್ಲೂ ಅವಳು ಹೀಗೆಯೇ, ಕಬಡ್ಡಿ ಆಟದಲ್ಲಿ ಗೆರೆ ಮುಟ್ಟಿದ್ದಾ ಇಲ್ಲವಾ ಎಂದು ಸಂಜೆಯವರೆಗೆ ವಾದಿಸುತ್ತಿದ್ದಳು. ಆದರೆ ಆವತ್ತಿನ ಮಾತು ನನಗೆ ನಾಟಿತು. ಪೆನ್ನು ತೆಗೆದು ಬರೆದೆ: ಗಾಯದ ಹಿಂದಿನ ಉದ್ದೇಶವನ್ನು ಈಗ ನಿರ್ಧರಿಸಲು ಸಾಧ್ಯವಿಲ್ಲ. ರೋಗಿ ಮಾತನಾಡುವ ಸ್ಥಿತಿಯಲ್ಲಿ ಇಲ್ಲ.

"ಇಷ್ಟು ಸಾಕು," ಎಂದು ಅವಳು ಎದ್ದಳು. "ಮತ್ತೆ ಅವರಿಗೆ ಮಾತು ಬಂದ ದಿನ ನನ್ನನ್ನು ಕರೀಲಿಕ್ಕೆ ಮರೀಬೇಡ."

ಮಾತು ಬರುವುದು ಸುಲಭವಿರಲಿಲ್ಲ. ಕುತ್ತಿಗೆಯ ರಂಧ್ರದ ಮೂಲಕ ಉಸಿರಾಡುವಾಗ ಗಾಳಿ ಧ್ವನಿಪೆಟ್ಟಿಗೆಗೆ ಹೋಗುವುದೇ ಇಲ್ಲ. ಬಲಗೈಗೆ ದೊಡ್ಡ ಕಟ್ಟು, ಬರೆಯುವಂತಿಲ್ಲ. ತಲೆ ಅಲ್ಲಾಡಿಸಬಾರದು ಎಂದು ನಾನೇ ಎರಡೂ ಬದಿಗೆ ದಿಂಬು ಇಟ್ಟಿದ್ದೆ. "ಹೌದಾದರೆ ಕಣ್ಣು ಮುಚ್ಚಿ" ಎಂದು ಒಮ್ಮೆ ಕೇಳಿ ನೋಡಿದೆ. ಮದ್ದಿನ ಅಮಲಿನಲ್ಲಿ ಅವರು ಕಣ್ಣು ಮುಚ್ಚಿದರು, ಹಾಗೆಯೇ ನಿದ್ದೆ ಹೋದರು.

ಅಮಲು ಇಳಿದ ದಿನ ಸಬ್‌ಇನ್‌ಸ್ಪೆಕ್ಟರ್ ಮತ್ತೆ ಬಂದರು. ಹೆಂಡತಿಯೂ ಮಂಚದ ಪಕ್ಕದಲ್ಲಿದ್ದರು. ತೀವ್ರ ನಿಗಾ ಘಟಕದ ಗಾಜಿನ ಬಾಗಿಲಿನಾಚೆ ನೆರೆಯವರು ಕಾಣುತ್ತಿದ್ದರು. ಅವರು ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಅಲ್ಲಿ ಕೂರುತ್ತಿದ್ದರು. ಠಾಣೆಗೆ ಕರೆದರೆ ಹೋಗಿ ಬಂದು ಮತ್ತೆ ಅಲ್ಲೇ ಕೂರುತ್ತಿದ್ದರು. ರೋಗಿಯ ಮನೆಯವರು ಅವರತ್ತ ನೋಡುತ್ತಿರಲಿಲ್ಲ.

"ನಿಮಗೆ ಇದನ್ನು ಯಾರು ಮಾಡಿದ್ದು?" ಎಂದು ಸಬ್‌ಇನ್‌ಸ್ಪೆಕ್ಟರ್ ಕೇಳಿದರು.

ರೋಗಿ ಎಡಗೈ ಎತ್ತಿದರು. ಕೈ ನಡುಗುತ್ತ ನಡುಗುತ್ತ ಗಾಜಿನ ಬಾಗಿಲಿನತ್ತ ಚಾಚಿತು. ಬೆರಳು ನೇರವಾಗಿ ಹೊರಗೆ ಕೂತ ಮನುಷ್ಯನನ್ನೇ ತೋರಿಸುತ್ತಿತ್ತು.

"ನೋಡಿ!" ಹೆಂಡತಿ ಚೀರಿದರು. "ನಾನು ಹೇಳಿದ್ದು ಸುಳ್ಳಾ? ಅವನನ್ನೇ ತೋರಿಸುದು!"

ರೋಗಿ ಉದ್ರೇಕಗೊಂಡರು. ಕೊಳವೆಯಲ್ಲಿ ಕೆಮ್ಮು ಬಂತು, ಯಂತ್ರಗಳು ಕೂಗತೊಡಗಿದವು, ನಾನು ಎಲ್ಲರನ್ನೂ ಹೊರಗೆ ಕಳಿಸಿದೆ. ಸಬ್‌ಇನ್‌ಸ್ಪೆಕ್ಟರ್ ಬಾಗಿಲ ಬಳಿ ನಿಂತು, "ಇನ್ನೆಂತ ಬೇಕು ಡಾಕ್ಟ್ರೇ? ಈಗ ಬರೆದು ಕೊಡ್ತೀರಾ?" ಎಂದರು.

ನನಗೂ ಮೈ ಬಿಸಿಯಾಗಿತ್ತು. ಆದರೆ ಆ ಕೈ ಚಾಚುವಾಗ ನಾನು ನೋಡಿದ್ದು ಅವರ ಕಣ್ಣನ್ನು. ಚಾಕು ಹಿಡಿದು ಅಷ್ಟು ಹತ್ತಿರದಿಂದ ನೋಡಿದ್ದ ಕಣ್ಣು ಅದು. ಅದರಲ್ಲಿ ಸಿಟ್ಟು ಕಾಣಲಿಲ್ಲ.

"ಬೆರಳು ತೋರಿಸಿದ್ದನ್ನು ತೋರಿಸಿದ್ದಾರೆ ಅಂತ ಬರೀತೇನೆ. ಅದರ ಅರ್ಥ ಬರೆಯುದಿಲ್ಲ. ಸ್ವಲ್ಪ ದಿನ ತಡೀರಿ ಸರ್. ನಾನು ಅವರಿಗೆ ಮಾತು ತರಿಸ್ತೇನೆ."

ಹೇಳುವಾಗ ಧೈರ್ಯವಾಗಿ ಹೇಳಿದೆ. ಕೋಣೆಗೆ ಹೋಗಿ ನೀರು ಕುಡಿದೆ. ಧ್ವನಿಪೆಟ್ಟಿಗೆಯ ನರಕ್ಕೆ ಏಟಾಗಿದ್ದರೆ? ಊತ ಇಳಿಯದಿದ್ದರೆ? ಆ ದಿನಗಳಲ್ಲಿ ನಾನು ದಿನಾ ಬೆಳಿಗ್ಗೆ ಹೊರರೋಗಿಗಳನ್ನು ನೋಡುವ ಮೊದಲು ಸಣ್ಣ ಕ್ಯಾಮೆರಾ ಇಳಿಸಿ ಅವರ ಗಂಟಲು ನೋಡುತ್ತಿದ್ದೆ. ಮೊದಲು ಕಂಡದ್ದು ಬರೀ ಊತ. ಆಮೇಲೆ ಊತದ ನಡುವೆ ಒಂದು ಸಂದು. ಮತ್ತೊಂದು ಬೆಳಿಗ್ಗೆ, ಅದೋ, ಎರಡು ಬಿಳಿ ಧ್ವನಿತಂತುಗಳು, ಒಮ್ಮೆ ಕೂಡುತ್ತ, ಒಮ್ಮೆ ಅಗಲುತ್ತ! ನಾನು ನರ್ಸಿನ ಭುಜಕ್ಕೆ ಹೊಡೆದೇಬಿಟ್ಟೆ. "ಅಲ್ಲಾಡ್ತದೆ, ಎರಡೂ ಅಲ್ಲಾಡ್ತದೆ!"

ಮಾತು ಬರಿಸುವ ದಿನ ಗೆಳತಿಗೆ ಫೋನ್ ಮಾಡಿದೆ. ಅವಳು ಮೆಟ್ಟಿಲು ಹಾರಿಕೊಂಡು ಬಂದಳು. ಸಬ್‌ಇನ್‌ಸ್ಪೆಕ್ಟರ್ ಬಂದರು. ಅರಿವಳಿಕೆಯ ವೈದ್ಯರು ಕೆಲಸವಿಲ್ಲದಿದ್ದರೂ ಬಂದರು. ಹೆಂಡತಿ ಮಂಚದ ಕಬ್ಬಿಣವನ್ನು ಗಟ್ಟಿ ಹಿಡಿದು ನಿಂತರು. ನಾನು ಕೊಳವೆಯ ಸುತ್ತಲಿನ ಬಲೂನಿನ ಗಾಳಿ ತೆಗೆದು, ಕೊಳವೆಯ ಬಾಯಿಗೆ ನನ್ನ ಬೆರಳು ಅಡ್ಡ ಇಟ್ಟೆ.

"ಉಸಿರು ಬಿಡುವಾಗ ಹೇಳಿ. ಎಂತ ಬೇಕಾದ್ರೂ ಹೇಳಿ."

ಮೊದಲು ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದರು. ಮರ ಉಜ್ಜಿದ ಹಾಗೆ ಒಂದು ಸ್ವರ. ಮುರಿದ ದವಡೆ ಕೂಡಲೆಂದು ತಂತಿ ಬಿಗಿದ ಹಲ್ಲುಗಳ ನಡುವಿನಿಂದ, ಒಡೆದು ಒಡೆದು, ಆದರೆ ಎಲ್ಲರಿಗೂ ಕೇಳುವ ಹಾಗೆ ಅವರು ಕೇಳಿದರು:

"ಹೊರಗೆ ಕೂತವನಿಗೆ... ಯಾರಾದ್ರೂ ಚಾ ಕೊಟ್ರಾ?"

ಗೆಳತಿ ನನ್ನ ತೋಳು ಹಿಡಿದುಕೊಂಡಳು.

ಆಮೇಲೆ ಒಂದೊಂದು ಉಸಿರಿಗೆ ನಾಲ್ಕು ಮಾತಿನಂತೆ, ನಡುನಡುವೆ ವಿಶ್ರಾಂತಿ ತೆಗೆದುಕೊಂಡು, ಅವರು ಎಲ್ಲವನ್ನೂ ಹೇಳಿದರು. ಬೆಳಿಗ್ಗೆ ತೆಂಗಿನ ಮರಕ್ಕೆ ಮಂಗಗಳ ಹಿಂಡು ಬಂದಿತ್ತು. ಎರಡೂ ನಳಿಗೆಗೆ ತೋಟೆ, ಅಂದರೆ ಚರೆ ತುಂಬಿದ ಕಾಡತೂಸು, ಹಾಕಿ, ಕೋವಿಯ ಕುದುರೆ ಎಳೆದು ಈಡಿಗೆ ಸಿದ್ಧ ಮಾಡಿಕೊಂಡೇ ಹೊರಟಿದ್ದರು. ತೋಡಿನ ಹತ್ತಿರ ಹೋದಾಗ ಕಟ್ಟಕ್ಕೆ ಹೊಸ ಹಲಗೆ ಇಟ್ಟದ್ದು ಕಂಡಿತು. ಮಂಗ ಮರೆತುಹೋಯಿತು. ನೆರೆಯವರನ್ನು ಕರೆದು ಜಗಳ ಮಾಡಿದರು. ಇಬ್ಬರೂ ನೆರೆಯವರ ಬದಿಯ ದಡದಲ್ಲಿ ನಿಂತು ಬಾಯಿಗೆ ಬಂದಂತೆ ಬೈದುಕೊಂಡರು. "ನಿನ್ನ ಹತ್ತಿರ ಮಾತಾಡಿ ಸುಖ ಇಲ್ಲ" ಎಂದು ಇವರು ತಿರುಗಿ, ತೋಡು ದಾಟಲು ಅಡಿಕೆಮರದ ಸಂಕದ ಮೇಲೆ ಕಾಲಿಟ್ಟರು. ಕೋವಿಯನ್ನು ಊರುಗೋಲಿನಂತೆ ಊರಿದರು. ಕಾಲು ಜಾರಿತು. ಕೋವಿಯ ಹಿಡಿ ಕಲ್ಲಿಗೆ ಬಡಿದು ಈಡು ಹಾರಿತು.

"ಅವ ಹಾರಿ ಬಂದ. ನನ್ನನ್ನು ನೀರಿನಿಂದ ಎಳೆದ. ಇನ್ನೊಂದು ನಳಿಗೆಯಲ್ಲಿ ತೋಟೆ ಹಾಗೇ ಉಂಟು, ಇವಳು ಓಡಿ ಬರ್ತಾ ಇದ್ದಾಳೆ. ಅದಕ್ಕೆ ಕೋವಿ ತೆಕ್ಕೊಂಡು ತೋಟೆ ತೆಗೆದ. ಅದು ತೆಗೆದು ನನ್ನನ್ನು ಎತ್ತಿಕೊಂಡದ್ದು."

"ಮತ್ತೆ ಮೊನ್ನೆ ಅವರನ್ನು ತೋರಿಸಿದ್ದು?" ಸಬ್‌ಇನ್‌ಸ್ಪೆಕ್ಟರ್ ಕೇಳಿದರು.

"ಅವನನ್ನು ಕೇಳಿ ಅಂತ. ಅವ ನೋಡಿದ್ದಾನಲ್ಲ."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಗಾಜಿನ ಬಾಗಿಲು ತಳ್ಳಿ ಹೊರಗೆ ಹೋದರು. ನಾನು ನೋಡುತ್ತಿದ್ದೆ. ನೆರೆಯವರ ಮುಂದೆ ನಿಂತರು, ಏನು ಹೇಳಬೇಕೆಂದು ತಿಳಿಯದೆ ತಿರುಗಿ ಕ್ಯಾಂಟೀನಿನ ಕಡೆ ಹೋದರು. ಎರಡು ಗ್ಲಾಸು ಚಹಾ ತಂದರು. ಒಂದು ಅವರಿಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಅದೇ ಬೆಂಚಿನಲ್ಲಿ ಕೂತರು.

"ನೀವ್ಯಾಕೆ ಒಂದು ಮಾತೂ ಹೇಳ್ಲಿಲ್ಲ?" ಎಂದು ಅವರು ಕೇಳಿದ್ದು ನನಗೂ ಕೇಳಿತು.

"ಸ್ಟೇಷನಿನಲ್ಲಿ ಎಲ್ಲ ಹೇಳಿದ್ದೇನೆ," ಎಂದರು ನೆರೆಯವರು. "ನಿಮ್ಮತ್ರ ಹೇಳಿದ್ರೆ ನೀವು ನಂಬ್ತಿದ್ರಾ? ನಿಮ್ಮ ಜಾಗದಲ್ಲಿ ನಾನಿದ್ರೂ ನಂಬ್ತಿರ್ಲಿಲ್ಲ. ಅವನೇ ಹೇಳ್ಬೇಕು ಅಂತ ಕೂತೆ."

ಗೆಳತಿ ಆ ಸಂಜೆಯೇ ನನ್ನಿಂದ ಹೊಸ ಟಿಪ್ಪಣಿ ಬರೆಸಿಕೊಂಡು ಸಂಕೇತ ಬದಲಿಸಿದಳು. ಈಗ ಅದು ಅಪಘಾತ, ರೋಗಿಯ ಸ್ವಂತ ಹೇಳಿಕೆಯ ಪ್ರಕಾರ. ನೆರೆಯವರ ಹೇಳಿಕೆಗೂ ಇದಕ್ಕೂ ತಾಳೆಯಾಯಿತು, ಪೊಲೀಸರು ಆ ಕಡೆಯ ಕೆಲಸ ಮುಗಿಸಿದರು. ಅವಳು ಎಷ್ಟು ಖುಷಿಯಲ್ಲಿದ್ದಳೆಂದರೆ, ನನ್ನನ್ನು ಎಳೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿದಳು. "ಮೊದಲೇ ಅಪಘಾತ ಅಂತ ಬರೆದಿದ್ರೂ ಇದೇ ಆಗ್ತಿತ್ತಲ್ಲ?" ಎಂದು ನಾನು ಕೆಣಕಿದೆ.

"ಆಗ ಅದು ಸೋಮಾರಿತನ," ಎಂದಳು ಬಾಯಿ ತುಂಬಿಕೊಂಡು. "ಈಗ ಇದು ಸತ್ಯ."

ಕೊಳವೆ ತೆಗೆದದ್ದು ಅವರು ಮನೆಗೆ ಹೊರಡುವ ಕೆಲವು ದಿನ ಮೊದಲು. ರಂಧ್ರಕ್ಕೆ ಹತ್ತಿಬಟ್ಟೆ ಅಂಟಿಸಿದೆ, ಅದು ತಾನಾಗಿ ಮುಚ್ಚಿಕೊಳ್ಳುತ್ತ ಬಂತು. ದೊಡ್ಡ ನಾಳದ ಪಕ್ಕದ ಆ ಚರೆಯನ್ನು ನಾನು ತೆಗೆಯಲಿಲ್ಲ, ಅಲ್ಲಿ ಕೈ ಹಾಕುವುದಕ್ಕಿಂತ ಬಿಡುವುದೇ ಕ್ಷೇಮ. "ಇರ್ಲಿ, ನನ್ನದೇ ಅಲ್ವಾ," ಎಂದರು.

ಹೊರಡುವ ಬೆಳಿಗ್ಗೆ ಅವರು ಕಾರಿಡಾರಿನಲ್ಲಿ ನಡೆಯುತ್ತಿದ್ದರು. ನೆರೆಯವರ ಪಿಕಪ್ ಕೆಳಗೆ ಬಂದು ನಿಂತಿತ್ತು.

"ಡಾಕ್ಟ್ರೇ, ಗಟ್ಟಿ ಸ್ವರ ಬರ್ತದಾ ಇನ್ನು? ತೋಟದಲ್ಲಿ ಆಳುಗಳನ್ನು ಕರೆಯುದು ಬೇಡ್ವಾ?"

"ಒಂದು ಸಲ ನೋಡಿ. ಮೆಲ್ಲ."

ಅವರು ಕಿಟಕಿಯ ಹತ್ತಿರ ಹೋದರು. ಕುತ್ತಿಗೆಯ ಬಟ್ಟೆಯ ಮೇಲೆ ಬೆರಳಿಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಮೆಲ್ಲ ಎಂದು ನಾನು ಹೇಳಿದ್ದನ್ನು ಪೂರ್ತಿ ಮರೆತು, "ಕೂ...!" ಎಂದು ಕೂಗಿದರು. ಸ್ವರ ಮಧ್ಯದಲ್ಲಿ ಒಡೆಯಿತು, ಮತ್ತೆ ಕೂಡಿಕೊಂಡು ಮೇಲೆ ಹೋಯಿತು. ವಾರ್ಡಿನ ರೋಗಿಗಳೆಲ್ಲ ಬಾಗಿಲಿಗೆ ಬಂದರು, ನರ್ಸ್ ಓಡಿ ಬಂದಳು. ನಾನು ಬೈಯಬೇಕಿತ್ತು, ಬೈಯಲಿಲ್ಲ. ಕೆಳಗಿನಿಂದ, ಪಿಕಪ್ಪಿನ ಬಾಗಿಲು ತೆರೆದು ತಲೆ ಹೊರಗೆ ಹಾಕಿ, ನೆರೆಯವರು ತಿರುಗಿ ಕೂಗಿದರು: "ಓ...!"